ಹೊಸ ಡ್ರೈವರ್, ಹಳೆಯ ಪೆಟ್ಟಿಗೆ: ಒಂದು ಯುಎಸ್‌ಬಿ ಪ್ಯಾಚ್ ಪರೀಕ್ಷೆಯ ಪ್ರಕರಣ

ರಾತ್ರಿ ಹೊತ್ತು ಬ್ಯಾಕಪ್ ತೆಗೆಯುವ ಒಂದು ಲಿನಕ್ಸ್ ಯಂತ್ರ. ಅದಕ್ಕೆ ಜೋಡಿಸಿದ್ದು ಯುಎಸ್‌ಬಿ 3.0 ಪೆಟ್ಟಿಗೆಯೊಳಗೆ ಕೂರಿಸಿದ ಸಾಟಾ (ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಸಾಮಾನ್ಯ ಸಂಪರ್ಕ) ಡಿಸ್ಕ್. ಹಳೆಯ ಕರ್ನೆಲಿನಲ್ಲಿ, ಅಂದರೆ ಲಿನಕ್ಸಿನ ತಿರುಳು ಪ್ರೋಗ್ರಾಮಿನ ಹಳೆಯ ಆವೃತ್ತಿಯಲ್ಲಿ, ವರ್ಷಗಟ್ಟಲೆ ತಕರಾರಿಲ್ಲದೆ ನಡೆದಿತ್ತು. ವ್ಯವಸ್ಥೆಯನ್ನು ಹೊಸ ಕರ್ನೆಲಿಗೆ ಏರಿಸಿದ ಮೇಲೆ ನಕಲು ಒಮ್ಮೊಮ್ಮೆ ನಡುವೆಯೇ ಸ್ತಬ್ಧವಾಗತೊಡಗಿತು. ಅರ್ಧ ನಿಮಿಷದಷ್ಟು ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಲಾಗಿನಲ್ಲಿ ಸಾಧನವನ್ನು ರೀಸೆಟ್ ಮಾಡಿದ ಸಾಲು ಮೂಡಿ ಕೆಲಸ ಮುಂದುವರಿಯುತ್ತದೆ. ಕೆಲವು ಸಲ ಮುಂದುವರಿಯುವುದೂ ಇಲ್ಲ. ಡಿಸ್ಕ್ ಬೇರೊಂದು ಹೆಸರಿನಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ, ಹಳೆಯ ಹೆಸರಿನಲ್ಲಿ ಮೌಂಟ್ ಆಗಿದ್ದ ಫೈಲ್ ವ್ಯವಸ್ಥೆ ಬರೆಯಲು ಬಾರದ ಸ್ಥಿತಿಗೆ ಬೀಳುತ್ತದೆ, ಆ ರಾತ್ರಿಯ ಬ್ಯಾಕಪ್ ಅರ್ಧಕ್ಕೇ ನಿಲ್ಲುತ್ತದೆ. ದೂರು ಇಷ್ಟೇ.

ದೂರಿನ ಬೆನ್ನಿಗೇ ಒಂದು ಪ್ಯಾಚ್, ಅಂದರೆ ಕರ್ನೆಲಿನ ಆಕರಕ್ಕೆ ಒಂದು ಚಿಕ್ಕ ತಿದ್ದುಪಡಿ, ಕೂಡ ಬಂದಿತ್ತು. ಈ ಸಾಧನಕ್ಕೆ ಯುಎಎಸ್ ಎಂಬ ಹೊಸ ಡ್ರೈವರನ್ನು (ಡ್ರೈವರ್ ಎಂದರೆ ಸಾಧನದೊಡನೆ ಮಾತಾಡುವ ಕರ್ನೆಲಿನ ಭಾಗ) ಬಳಸಬಾರದು ಎಂದು ಕರ್ನೆಲಿನ ಪಟ್ಟಿಯಲ್ಲಿ ಒಂದು ನಮೂದು ಸೇರಿಸುವ ಪ್ಯಾಚ್ ಅದು. ಅದನ್ನು ಪರೀಕ್ಷಿಸುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ಹಾಕಿದರೆ ತೊಂದರೆ ನಿಲ್ಲುತ್ತಿತ್ತು, ಅದರಲ್ಲಿ ಸಂಶಯವಿರಲಿಲ್ಲ. ಹಾಗಿದ್ದೂ ಅದಕ್ಕೆ ಒಪ್ಪಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ತೊಂದರೆ ಯಾಕೆ ನಿಂತಿತು ಎಂದು ಹೇಳಬಲ್ಲ ಒಂದು ಸಾಲೂ ಆ ಪ್ಯಾಚಿನ ವಿವರಣೆಯಲ್ಲಿ ಇರಲಿಲ್ಲ.

ಎರಡು ಡ್ರೈವರುಗಳ ಕಥೆ

ಯುಎಸ್‌ಬಿ ಡಿಸ್ಕನ್ನು ಮಾತಾಡಿಸಲು ಲಿನಕ್ಸಿನಲ್ಲಿ ಎರಡು ದಾರಿಗಳಿವೆ. ಹಳೆಯದು ಯುಎಸ್‌ಬಿ-ಸ್ಟೋರೇಜ್ ಡ್ರೈವರ್. ಅದು ಪಾಲಿಸುವುದು 1999ರ ಬಲ್ಕ್-ಓನ್ಲಿ ಟ್ರಾನ್ಸ್‌ಪೋರ್ಟ್ ಎಂಬ ಶಿಷ್ಟಾಚಾರವನ್ನು. 31 ಬೈಟಿನ ಒಂದು ಆದೇಶ ಹೋಗುತ್ತದೆ, ದತ್ತಾಂಶ ಹರಿಯುತ್ತದೆ, 13 ಬೈಟಿನ ಸ್ಥಿತಿ ವರದಿ ಹಿಂದಿರುಗುತ್ತದೆ. ಅದು ಕೈಸೇರಿದ ಮೇಲಷ್ಟೇ ಮುಂದಿನ ಆದೇಶ ಹೊರಡುತ್ತದೆ. ಯುಎಸ್‌ಬಿಯ ವೇಗ ಸೆಕೆಂಡಿಗೆ 12 ಮೆಗಾಬಿಟ್ ಇದ್ದ ದಿನಗಳಲ್ಲಿ ಇದರಿಂದ ಯಾರಿಗೂ ಅಡಚಣೆಯಾಗಲಿಲ್ಲ. 2000ದಲ್ಲಿ ಬಂದ ಯುಎಸ್‌ಬಿ 2.0ದ 480 ಮೆಗಾಬಿಟ್ ವೇಗದಲ್ಲೂ ಹೇಗೋ ಸಾಗಿತು. 2008ರ ಯುಎಸ್‌ಬಿ 3.0 ವೇಗವನ್ನು 5 ಗಿಗಾಬಿಟ್‌ಗೆ ಏರಿಸಿದಾಗ, ಒಂದು ಆದೇಶ ಮುಗಿಯುವ ತನಕ ಇನ್ನೊಂದು ಕಾಯುವ ಆ ಬಿಡುವೇ ದೊಡ್ಡ ನಷ್ಟವಾಗಿ ಕಾಣತೊಡಗಿತು.

ಹೊಸ ದಾರಿ ಯುಎಸ್‌ಬಿ ಅಟ್ಯಾಚ್ಡ್ ಸ್ಕಸಿ, ಚಿಕ್ಕದಾಗಿ ಯುಎಎಸ್. ಸ್ಕಸಿ ಎಂದರೆ ಡಿಸ್ಕಿನಂಥ ಸಾಧನಗಳಿಗೆ ಆದೇಶ ಕೊಡುವ ಒಂದು ಭಾಷೆ. ಇದರಲ್ಲಿ ಆದೇಶಕ್ಕೆ, ಸ್ಥಿತಿಗೆ, ಒಳಬರುವ ದತ್ತಾಂಶಕ್ಕೆ, ಹೊರಹೋಗುವ ದತ್ತಾಂಶಕ್ಕೆ ಬೇರೆ ಬೇರೆ ನಾಲ್ಕು ಕೊಳವೆಗಳಿವೆ. ಪ್ರತಿ ಆದೇಶಕ್ಕೂ ಒಂದು ಗುರುತಿನ ಸಂಖ್ಯೆ. ಒಂದರ ಉತ್ತರಕ್ಕೆ ಕಾಯದೆ ಹತ್ತಾರು ಆದೇಶಗಳನ್ನು ಸರತಿಯಲ್ಲಿ ನಿಲ್ಲಿಸಬಹುದು, ಸಾಧನ ತನಗೆ ಅನುಕೂಲವಾದ ಕ್ರಮದಲ್ಲಿ ಅವನ್ನು ಮುಗಿಸಬಹುದು. ಲಿನಕ್ಸಿನಲ್ಲಿ ಈ ಡ್ರೈವರ್ ಸಾಮಾನ್ಯ ಬಳಕೆಗೆ ಯೋಗ್ಯವಾದದ್ದು 2014ರ 3.15 ಆವೃತ್ತಿಯಲ್ಲಿ. ನಮ್ಮ ಯಂತ್ರದಲ್ಲಿ ಮೊದಲಿದ್ದ ಕರ್ನೆಲ್ ಅದಕ್ಕಿಂತ ಹಿಂದಿನದು. ಹಾಗಾಗಿ ಆ ಪೆಟ್ಟಿಗೆ ತನ್ನ ಆಯುಷ್ಯದ ಬಹುಪಾಲನ್ನು ಒಂದು ಸಲಕ್ಕೆ ಒಂದೇ ಆದೇಶ ಕೇಳಿಸಿಕೊಳ್ಳುತ್ತ ಕಳೆದಿತ್ತು. ಯುಎಎಸ್ ತನಗೆ ಬರುತ್ತದೆ ಎಂದು ಅದು ಸಂಪರ್ಕದ ವೇಳೆ ಸಾರುತ್ತಲೇ ಇತ್ತು, ಆದರೆ ಈಚಿನವರೆಗೆ ಅದನ್ನು ನಂಬಿ ಆ ಭಾಷೆಯಲ್ಲಿ ಮಾತಾಡಿದವರಿರಲಿಲ್ಲ.

ಪೆಟ್ಟಿಗೆಯೊಳಗೆ ಯುಎಸ್‌ಬಿಯನ್ನು ಸಾಟಾಗೆ ಅನುವಾದಿಸುವ ಒಂದು ಬ್ರಿಡ್ಜ್ ಚಿಪ್ ಇರುತ್ತದೆ. ಈ ಚಿಪ್‌ಗಳ ಫರ್ಮ್‌ವೇರ್‌ಗಳಲ್ಲಿ, ಅಂದರೆ ಚಿಪ್‌ನೊಳಗೇ ಕೂರಿಸಿದ ಪ್ರೋಗ್ರಾಂಗಳಲ್ಲಿ, ಬಗೆಬಗೆಯ ಲೋಪಗಳಿವೆ. ಅವನ್ನು ಸಹಿಸಿಕೊಂಡು ಹೋಗಲು ಕರ್ನೆಲ್ ಒಂದು ಪಟ್ಟಿಯನ್ನೇ ಇಟ್ಟುಕೊಂಡಿದೆ: ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆ, ಫರ್ಮ್‌ವೇರ್ ಆವೃತ್ತಿಯ ವ್ಯಾಪ್ತಿ, ಮತ್ತು ಆ ಸಾಧನದೊಂದಿಗೆ ಯಾವ ವಿಷಯದಲ್ಲಿ ಎಚ್ಚರದಿಂದಿರಬೇಕು ಎಂಬ ಗುರುತು. ಕರ್ನೆಲ್ ಬಳಗದಲ್ಲಿ ಇವನ್ನು ಕ್ವರ್ಕ್ ಎನ್ನುತ್ತಾರೆ. ನನ್ನ ಮುಂದಿದ್ದ ಪ್ಯಾಚ್ ಇಂಥದೊಂದು ಕ್ವರ್ಕನ್ನು ಸೇರಿಸುತ್ತಿತ್ತು. ಅದೂ ತೀರ ಕಠೋರವಾದದ್ದನ್ನು: ಯುಎಎಸ್ ಪೂರ್ತಿ ಬಂದ್.

ಪರೀಕ್ಷೆಗೆ ಅಣಿ

ಮೊದಲು ಮಾಡಿದ್ದು ಕರ್ನೆಲನ್ನು ಒಂದೇ ಮೂಲದಿಂದ, ಒಂದೇ ಸಂರಚನೆಯಲ್ಲಿ ಎರಡು ಬಾರಿ ಕಟ್ಟುವುದು, ಒಂದರಲ್ಲಿ ಪ್ಯಾಚ್ ಇಲ್ಲದೆ, ಇನ್ನೊಂದರಲ್ಲಿ ಪ್ಯಾಚ್ ಹಾಕಿ. ಸಿದ್ಧ ಲಿನಕ್ಸ್ ವಿತರಣೆಯ ಜೊತೆಗೆ ಬಂದ ಕರ್ನೆಲನ್ನೂ ನಾವೇ ಕಟ್ಟಿದ ಪ್ಯಾಚ್ ಕರ್ನೆಲನ್ನೂ ಹೋಲಿಸಿದರೆ ನಡುವೆ ನೂರಾರು ಬೇರೆ ವ್ಯತ್ಯಾಸಗಳು ನುಸುಳಿರುತ್ತವೆ. ಫಲಿತಾಂಶ ಯಾವುದರದು ಎಂದು ಹೇಳಲು ಬರುವುದಿಲ್ಲ. ಮುಚ್ಚಿದ ಆಕರದ ಮಾಡ್ಯೂಲುಗಳನ್ನು, ಅಂದರೆ ಕರ್ನೆಲಿಗೆ ಸೇರಿಕೊಳ್ಳುವ ತುಣುಕುಗಳನ್ನು, ತೆಗೆದಿಟ್ಟೆ. ಪರೀಕ್ಷೆಯ ಡಿಸ್ಕಿನಲ್ಲಿ ಬೇಕಾದ ದತ್ತಾಂಶ ಏನೂ ಇರಲಿಲ್ಲ. ಲಾಗನ್ನು ನೆಟ್‌ವರ್ಕ್ ಮೂಲಕ ಇನ್ನೊಂದು ಯಂತ್ರಕ್ಕೆ ಹರಿಸುವ ಏರ್ಪಾಡು ಮಾಡಿದೆ, ಪರೀಕ್ಷಾ ಯಂತ್ರವೇ ನಿಂತುಹೋದರೂ ಕೊನೆಯ ಸಾಲುಗಳು ಉಳಿಯಲೆಂದು.

ಇನ್ನೊಂದು ವಿಷಯವನ್ನು ಪ್ರತಿ ಸುತ್ತಿನ ಆರಂಭದಲ್ಲೂ ನೋಡಿ ಬರೆದಿಟ್ಟುಕೊಂಡೆ: ಸಾಧನ ನಿಜವಾಗಿ ಯಾವ ವೇಗದಲ್ಲಿ, ಯಾವ ಡ್ರೈವರಿನಡಿ ಕೂತಿದೆ ಎಂಬುದು. ಎಲ್‌ಎಸ್‌ಯುಎಸ್‌ಬಿ ಆಜ್ಞೆಗೆ ಟಿ ಆಯ್ಕೆ ಕೊಟ್ಟರೆ ಮರದಂಥ ಪಟ್ಟಿಯಲ್ಲಿ ಎರಡೂ ಕಾಣುತ್ತವೆ. ಇದನ್ನು ಬಿಟ್ಟುಬಿಟ್ಟರೆ ಇಡೀ ಪರೀಕ್ಷೆ ದಾರಿ ತಪ್ಪಬಹುದು. ಯುಎಸ್‌ಬಿ 3 ಕೇಬಲಿನಲ್ಲಿ ಹಳೆಯ ವೇಗದ ತಂತಿಗಳೂ ಹೊಸ ವೇಗದ ತಂತಿಗಳೂ ಪ್ರತ್ಯೇಕವಾಗಿರುತ್ತವೆ. ಹೊಸ ಜೋಡಿಗಳಲ್ಲಿ ಒಂದು ಸರಿಯಾಗಿ ತಾಗದಿದ್ದರೂ ಸಾಧನ ಸದ್ದಿಲ್ಲದೆ 480 ಮೆಗಾಬಿಟ್‌ಗೆ ಇಳಿದು ಕೆಲಸ ಮಾಡುತ್ತ ಹೋಗುತ್ತದೆ. ಆಗ ದೋಷ ಕಾಣದೆ ಹೋಗಬಹುದು, ಅದರ ಕೀರ್ತಿ ಪ್ಯಾಚ್‌ಗೆ ಸಲ್ಲಬಹುದು. ಲೆಕ್ಕವೂ ಇಲ್ಲಿ ನೆರವಿಗೆ ಬರುತ್ತದೆ. 480ರ ವೇಗದಲ್ಲಿ 125 ಮೈಕ್ರೋಸೆಕೆಂಡಿನ ಒಂದು ಕಿರುಚೌಕಟ್ಟಿನಲ್ಲಿ 512 ಬೈಟಿನ ಬಲ್ಕ್ ಪ್ಯಾಕೆಟ್‌ಗಳು ಹೆಚ್ಚೆಂದರೆ 13 ಹಿಡಿಸುತ್ತವೆ, ಅಂದರೆ ಸೆಕೆಂಡಿಗೆ ಸುಮಾರು 53 ಮೆಗಾಬೈಟ್ ಅದರ ಸೈದ್ಧಾಂತಿಕ ಗಡಿ. 5 ಗಿಗಾಬಿಟ್‌ನಲ್ಲಿ ಪ್ರತಿ 8 ಬಿಟ್‌ಗೆ ತಂತಿಯ ಮೇಲೆ 10 ಬಿಟ್ ಹೋಗುವುದರಿಂದ ಗಡಿ 500 ಮೆಗಾಬೈಟ್. ಅಳತೆ ಐವತ್ತರ ಒಳಗೆ ಬಂದರೆ ಡ್ರೈವರಿನ ಮಾತು ಆಮೇಲೆ, ಮೊದಲು ಕೇಬಲನ್ನು ನೋಡಬೇಕು.

ಭಾರ ಹಾಕಿದರೂ ಬೀಳದ ಡಿಸ್ಕ್

ಪ್ಯಾಚ್ ಇಲ್ಲದ ಕರ್ನೆಲಿನಲ್ಲಿ ದೋಷವನ್ನು ಮರುಸೃಷ್ಟಿಸುವುದು ಮೊದಲ ಗುರಿ. ಎಫ್‌ಐಒ ಎಂಬ ಸಲಕರಣೆಯಿಂದ ಡಿಸ್ಕಿನ ಉದ್ದಕ್ಕೂ ಬರೆದು, ಓದಿ, ದತ್ತಾಂಶ ಬದಲಾಗಿದೆಯೇ ಎಂದು ತಿಳಿಸುವ ಚೆಕ್‌ಸಮ್ ಹೋಲಿಸಿದೆ. ಸರಿಯಾಗಿತ್ತು. ಚಿಕ್ಕ ಚಿಕ್ಕ ತುಂಡುಗಳನ್ನು ಚದುರಿದ ಜಾಗಗಳಿಗೆ, ಆಳವಾದ ಸರತಿಯೊಂದಿಗೆ ಬರೆಸಿದೆ. ಆಗಲೂ ಸರಿ. ಓದು-ಬರಹ ಬೆರೆಸಿದೆ, ಗಂಟೆಗಟ್ಟಲೆ ಬಿಟ್ಟೆ. ಒಂದು ರೀಸೆಟ್ ಕೂಡ ಇಲ್ಲ.

ಇಂಥ ಹೊತ್ತಿನಲ್ಲಿ ಎರಡು ಆಮಿಷಗಳು ಎದುರಾಗುತ್ತವೆ. ದೂರು ಕೊಟ್ಟವರ ಕೇಬಲ್ ಕೆಟ್ಟಿದೆ ಎಂದು ಕಡತ ಮುಚ್ಚುವುದು ಒಂದು. ಪ್ಯಾಚ್ ಹಾಕಿ ಅದೇ ಪರೀಕ್ಷೆಗಳನ್ನು ಓಡಿಸಿ, ಎಲ್ಲ ಪಾಸು ಎಂದು ಬರೆದು, ಪರೀಕ್ಷಿಸಿದವರ ಹೆಸರು ಹೇಳುವ ಟೆಸ್ಟೆಡ್-ಬೈ ಸಾಲನ್ನು ಕೊಟ್ಟುಬಿಡುವುದು ಇನ್ನೊಂದು. ಎರಡನೆಯದು ಹೆಚ್ಚು ಅಪಾಯಕಾರಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಪ್ಯಾಚ್ ಇಲ್ಲದೆಯೂ ಪಾಸಾಗುವ ಪರೀಕ್ಷೆ ಪ್ಯಾಚಿನ ಬಗ್ಗೆ ಏನನ್ನೂ ಸಾಬೀತು ಮಾಡುವುದಿಲ್ಲ. ಆದರೂ ಆ ಸಾಲು ಕರ್ನೆಲಿನ ಇತಿಹಾಸದಲ್ಲಿ ಸಾಕ್ಷಿಯಾಗಿ ಉಳಿದು, ಮುಂದೆ ಬರುವವರು ಅದನ್ನು ನಂಬುತ್ತಾರೆ.

ಹಾಗಾಗಿ ದೂರು ಕೊಟ್ಟವರ ಲಾಗನ್ನು ಮತ್ತೆ ತರಿಸಿಕೊಂಡೆ, ಈ ಸಲ ಯುಎಸ್‌ಬಿಗೆ ಸಂಬಂಧಿಸಿದ ಸಾಲುಗಳನ್ನು ಮಾತ್ರ ಸೋಸದೆ, ಇಡೀ ವ್ಯವಸ್ಥೆಯದು. ಮೊದಲು ಕಳಿಸಿದ್ದ ಲಾಗಿನಲ್ಲಿ ಇದ್ದದ್ದು ಇಷ್ಟು: ಆದೇಶಗಳನ್ನು ರದ್ದು ಮಾಡಲು ಯುಎಎಸ್ ಯತ್ನಿಸಿದ ಒಂದಷ್ಟು ಸಾಲುಗಳು, ಸಾಧನ ರೀಸೆಟ್ ಆರಂಭ, ಸೂಪರ್‌ಸ್ಪೀಡ್ (5 ಗಿಗಾಬಿಟ್ ವೇಗದ) ಸಾಧನದ ರೀಸೆಟ್, ಯಶಸ್ಸು. ರೀಸೆಟ್‌ಗಳ ನಡುವಿನ ಅಂತರ ಒಂದೊಂದು ಸಲ ಒಂದೊಂದು ಥರ ಕಂಡಿತ್ತು. ಸಾಲಾಗಿ ಬರೆದು ನೋಡಿದಾಗ ಅವೆಲ್ಲ ಅರ್ಧ ಗಂಟೆಯ ಗುಣಕಗಳಿಗೆ ತೀರ ಹತ್ತಿರವಿದ್ದವು. ಅರ್ಧ ಗಂಟೆ, ಒಂದೂವರೆ ಗಂಟೆ, ಮತ್ತೆ ಅರ್ಧ ಗಂಟೆ.

ಕೇಬಲಿಗೆ ಗಡಿಯಾರ ಗೊತ್ತಿರುವುದಿಲ್ಲ. ವಿದ್ಯುತ್ ಸಾಲದೆ ಬೀಳುವ ಡಿಸ್ಕಿಗೂ ಗೊತ್ತಿರುವುದಿಲ್ಲ. ಅರ್ಧ ಗಂಟೆಗೊಮ್ಮೆ ಏನಾದರೂ ಆಗುತ್ತಿದ್ದರೆ ಅದನ್ನು ಮಾಡಿಸುತ್ತಿರುವುದು ಒಂದು ಪ್ರೋಗ್ರಾಂ. ಪೂರ್ತಿ ಲಾಗಿನಲ್ಲಿ ಅದೂ ಸಿಕ್ಕಿತು: ಸ್ಮಾರ್ಟ್‌ಡಿ. ಡಿಸ್ಕುಗಳ ಆರೋಗ್ಯವನ್ನು ಕಾಯುವ ಈ ಹಿನ್ನೆಲೆ ಸೇವೆ, ಬೇರೆ ಸೂಚನೆ ಕೊಡದಿದ್ದರೆ, 1800 ಸೆಕೆಂಡಿಗೊಮ್ಮೆ ಪ್ರತಿ ಡಿಸ್ಕನ್ನೂ ವಿಚಾರಿಸುತ್ತದೆ. ಪ್ರತಿ ರದ್ದತಿ ಸಾಲಿನಿಂದ 30 ಸೆಕೆಂಡು ಹಿಂದಕ್ಕೆ ಎಣಿಸಿದರೆ ಸ್ಮಾರ್ಟ್‌ಡಿ ಎದ್ದ ಹೊತ್ತು ಬರುತ್ತಿತ್ತು. ಆ 30 ಸೆಕೆಂಡೂ ಕಾಕತಾಳೀಯವಲ್ಲ. ಲಿನಕ್ಸಿನಲ್ಲಿ ಸ್ಕಸಿ ಡಿಸ್ಕಿನ ಓದು-ಬರಹದ ಆದೇಶಕ್ಕೆ ಇರುವ ಗಡುವು ಅಷ್ಟೇ. ಅದು ಮೀರಿದ ಮೇಲಷ್ಟೇ ಕರ್ನೆಲ್ ಏನೋ ಕೆಟ್ಟಿದೆ ಎಂದು ಒಪ್ಪಿಕೊಂಡು ರದ್ದತಿಗೆ ಇಳಿಯುತ್ತದೆ. ದೂರಿನಲ್ಲಿದ್ದ ಅರ್ಧ ನಿಮಿಷದ ಸ್ತಬ್ಧತೆಯೂ ಇದೇ.

ನನ್ನ ಪರೀಕ್ಷಾ ಯಂತ್ರದಲ್ಲಿ ಸ್ಮಾರ್ಟ್‌ಡಿ ಇರಲಿಲ್ಲ. ಅಳತೆಗೆ ಅಡ್ಡಿಯಾಗಬಾರದೆಂದು ಹಿನ್ನೆಲೆ ಸೇವೆಗಳನ್ನು ನಿಲ್ಲಿಸುವುದು ವೇಗ ಪರೀಕ್ಷೆಯ ವಾಡಿಕೆ. ವಾಡಿಕೆಗೆ ಕಾರಣವಿದೆ, ಆದರೆ ದೋಷ ಹುಡುಕುವಾಗ ಅದನ್ನು ಪಕ್ಕಕ್ಕಿಡಬೇಕು.

ಎರಡರ ಸಂಗಮ

ಇನ್ನು ಕೆಲಸ ಸಲೀಸು. ಡಿಸ್ಕಿನ ಮೇಲೆ ಯಾವ ಭಾರವೂ ಇಲ್ಲದಾಗ ಸ್ಮಾರ್ಟ್ ಮಾಹಿತಿಯನ್ನು, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಂಡ ದಾಖಲೆಯನ್ನು, ಪದೇಪದೇ ಕೇಳಿದೆ. ಉತ್ತರ ಪ್ರತಿ ಸಲವೂ ನೆಟ್ಟಗೆ ಬಂತು. ಭಾರ ಮಾತ್ರ ಹಾಕಿದಾಗ ಏನೂ ಆಗುವುದಿಲ್ಲ ಎಂದು ಮೊದಲೇ ಗೊತ್ತಿತ್ತು. ಎರಡನ್ನೂ ಕೂಡಿಸಿ, ಆಳವಾದ ಸರತಿಯಲ್ಲಿ ಬರೆಯುತ್ತಿರುವಾಗ ಸ್ಮಾರ್ಟ್ ಮಾಹಿತಿ ಕೇಳಿದಾಗ, ಡಿಸ್ಕ್ ತಕ್ಷಣ ಮೌನವಾಯಿತು. 30 ಸೆಕೆಂಡಿನ ಬಳಿಕ ಅದೇ ರದ್ದತಿ ಸಾಲುಗಳು, ಅದೇ ರೀಸೆಟ್. ಬೇಕೆಂದಾಗ ದೋಷವನ್ನು ಕರೆಸಿಕೊಳ್ಳಲು ಬರುವಂತಾಯಿತು. ಡ್ರೈವರ್ ಪರೀಕ್ಷೆಯಲ್ಲಿ ಇದಕ್ಕಿಂತ ದೊಡ್ಡ ಸಮಾಧಾನ ನನಗೆ ಬೇರೆ ಗೊತ್ತಿಲ್ಲ.

ತಂತಿಯ ಮೇಲೆ ಏನಾಗುತ್ತಿದೆ ಎಂದು ನೋಡಲು ಯುಎಸ್‌ಬಿ ಸಂಭಾಷಣೆಯನ್ನು ಹಿಡಿದಿಡುವ ಕರ್ನೆಲಿನ ಯುಎಸ್‌ಬಿಮಾನ್ ಸೌಲಭ್ಯವನ್ನು ತೆರೆದು, ಹಿಡಿದದ್ದನ್ನು ವೈರ್‌ಶಾರ್ಕ್ ಎಂಬ ಸಲಕರಣೆಯಲ್ಲಿ ಬಿಡಿಸಿದೆ. ಚಿತ್ರ ಸ್ಪಷ್ಟವಾಗಿತ್ತು. ಬರಹದ ಆದೇಶಗಳು ಸಾಲಾಗಿ ಹೋಗುತ್ತಿವೆ, ಸ್ಥಿತಿ ವರದಿಗಳು ಬರುತ್ತಿವೆ. ಅವುಗಳ ನಡುವೆ ಒಂದು ಎಟಿಎ ಪಾಸ್-ಥ್ರೂ ಆದೇಶ ಹೊರಡುತ್ತದೆ, ಸಂಖ್ಯೆ ಹೆಕ್ಸ್ 85. ಸ್ಕಸಿ ಭಾಷೆಯ ಲಕೋಟೆಯೊಳಗೆ ಡಿಸ್ಕಿನ ಸ್ವಂತ ಎಟಿಎ ಆದೇಶವನ್ನಿಟ್ಟು ಕಳಿಸುವ ಬಗೆ ಇದು. ಸ್ಮಾರ್ಟ್ ಮಾಹಿತಿ ಹೀಗೆಯೇ ಬರಬೇಕು. ಅದು ಹೋದ ಮೇಲೆ ಆ ಆದೇಶಕ್ಕೂ ಉತ್ತರವಿಲ್ಲ, ಅದಕ್ಕೂ ಮುಂಚೆ ಸರತಿಯಲ್ಲಿದ್ದ ಬರಹಗಳಿಗೂ ಇಲ್ಲ. ಬ್ರಿಡ್ಜ್ ಚಿಪ್‌ನ ಫರ್ಮ್‌ವೇರ್ ಕಟ್ಟಿಕೊಂಡು ಕೂತಿದೆ.

ಹಳೆಯ ಕರ್ನೆಲಿನಲ್ಲಿ ಇದು ವರ್ಷಗಟ್ಟಲೆ ಹೊರಬೀಳದ ಕಾರಣ ಈಗ ತಿಳಿಯಿತು. ಆಗಲೂ ಸ್ಮಾರ್ಟ್‌ಡಿ ಓಡುತ್ತಿತ್ತು, ಅದೇ ಆದೇಶ ಅರ್ಧ ಗಂಟೆಗೊಮ್ಮೆ ಹೋಗುತ್ತಿತ್ತು. ಆದರೆ ಬಲ್ಕ್-ಓನ್ಲಿ ಪದ್ಧತಿಯಲ್ಲಿ ಅದು ಹೋಗುವ ಹೊತ್ತಿಗೆ ಬೇರೆ ಯಾವ ಆದೇಶವೂ ಬಾಕಿ ಇರಲು ಸಾಧ್ಯವೇ ಇರಲಿಲ್ಲ. ಲೋಪ ಮೊದಲಿಂದಲೂ ಪೆಟ್ಟಿಗೆಯಲ್ಲಿತ್ತು, ಹೊಸ ಡ್ರೈವರ್ ಅದನ್ನು ಮುಟ್ಟುವ ಮೊದಲಿಗನಾಯಿತು. ಪ್ರತಿ ಅರ್ಧ ಗಂಟೆಗೂ ತಪ್ಪದೆ ಬೀಳದೆ ಒಮ್ಮೊಮ್ಮೆ ಮಾತ್ರ ಬೀಳುತ್ತಿದ್ದದ್ದಕ್ಕೂ ವಿವರಣೆ ಸಿಕ್ಕಿತು: ಸ್ಮಾರ್ಟ್‌ಡಿ ಎದ್ದ ಆ ಕ್ಷಣದಲ್ಲಿ ಬ್ಯಾಕಪ್ ಪ್ರೋಗ್ರಾಂ ಫೈಲುಗಳ ಪಟ್ಟಿ ಹೋಲಿಸುತ್ತಿದ್ದರೆ ಸರತಿ ಖಾಲಿ, ದೋಷವಿಲ್ಲ.

ಕೇಬಲ್ ಬದಲಿಸಿ, ಪೋರ್ಟ್ ಬದಲಿಸಿ, ಬೇರೆ ಹೋಸ್ಟ್ ಕಂಟ್ರೋಲರ್ (ಯಂತ್ರದ ಕಡೆಯ ಯುಎಸ್‌ಬಿ ಚಿಪ್) ಇರುವ ಯಂತ್ರಕ್ಕೆ ಸಿಕ್ಕಿಸಿ ನೋಡಿದೆ, ಫಲಿತಾಂಶ ಬದಲಾಗಲಿಲ್ಲ. ಬೇರೆ ಚಿಪ್ ಇರುವ ಇನ್ನೊಂದು ಪೆಟ್ಟಿಗೆ ಅದೇ ಯಂತ್ರದಲ್ಲಿ, ಅದೇ ಹೊಡೆತಕ್ಕೆ ಅಲ್ಲಾಡಲಿಲ್ಲ. ಹಾಗಾಗಿ ಯುಎಎಸ್ ಡ್ರೈವರನ್ನಾಗಲಿ ಆ ಕಂಟ್ರೋಲರನ್ನು ನಡೆಸುವ ಎಕ್ಸ್‌ಎಚ್‌ಸಿಐ ಡ್ರೈವರನ್ನಾಗಲಿ ದೂರಲು ಆಧಾರ ಉಳಿಯಲಿಲ್ಲ.

ಎಷ್ಟು ಕತ್ತರಿಸಬೇಕು

ಕಾರಣ ಗೊತ್ತಾದ ಮೇಲೆ ಪ್ಯಾಚನ್ನು ಬೇರೆ ಕಣ್ಣಿನಿಂದ ನೋಡಬಹುದಾಯಿತು. ಯುಎಎಸ್ ಪೂರ್ತಿ ನಿಲ್ಲಿಸುವುದು ಬೆರಳಿನ ಮುಳ್ಳಿಗೆ ಕೈ ಕಟ್ಟಿಹಾಕಿದ ಹಾಗೆ. ದೊಡ್ಡ ಫೈಲನ್ನು ಸಾಲಾಗಿ ನಕಲಿಸುವಾಗ ಹೆಚ್ಚು ವ್ಯತ್ಯಾಸ ಕಾಣದಿದ್ದರೂ, ಚಿಕ್ಕ ಫೈಲುಗಳ ರಾಶಿಯಲ್ಲಿ, ಚದುರಿದ ಓದಿನಲ್ಲಿ ವೇಗ ಗಣನೀಯವಾಗಿ ಕುಸಿಯುತ್ತಿತ್ತು. ಆ ಸಂಖ್ಯೆಯ ಪೆಟ್ಟಿಗೆ ಇರುವ ಪ್ರತಿಯೊಬ್ಬರೂ, ಸ್ಮಾರ್ಟ್ ಮಾಹಿತಿಯನ್ನು ಎಂದೂ ಕೇಳದವರೂ ಸೇರಿ, ಅದರ ಬೆಲೆ ತೆರಬೇಕಿತ್ತು.

ಕರ್ನೆಲಿನಲ್ಲಿ ಇದಕ್ಕೆ ಸರಿಹೊಂದುವ ಚಿಕ್ಕ ಕ್ವರ್ಕ್ ಆಗಲೇ ಇದೆ. ಅದನ್ನು ಹಚ್ಚಿದರೆ ಎಟಿಎ ಪಾಸ್-ಥ್ರೂ ಆದೇಶಗಳನ್ನು ಯುಎಎಸ್ ಡ್ರೈವರ್ ಸಾಧನದವರೆಗೆ ಬಿಡುವುದೇ ಇಲ್ಲ; ಆದೇಶ ಅಮಾನ್ಯ ಎಂಬ ಉತ್ತರವನ್ನು ತಾನೇ ಕೊಟ್ಟು ಮರಳಿಸುತ್ತದೆ. ಈ ಲೋಪ ಹೊಸದೇನಲ್ಲ. ಒಬ್ಬ ತಯಾರಕರ ಸಾಧನಗಳಿಗೆ ಸಾರಾಸಗಟಾಗಿ ಇದೇ ಗುರುತು ಹಾಕುವ ಸಾಲುಗಳು ಕರ್ನೆಲಿನಲ್ಲಿವೆ.

ಇದನ್ನು ಪರೀಕ್ಷಿಸಲು ಕರ್ನೆಲನ್ನು ಮತ್ತೆ ಕಟ್ಟಬೇಕಾಗಿಯೂ ಇಲ್ಲ. ಯುಎಸ್‌ಬಿ-ಸ್ಟೋರೇಜ್ ಮಾಡ್ಯೂಲಿನ ಕ್ವರ್ಕ್ಸ್ ನಿಯತಾಂಕಕ್ಕೆ ಸಾಧನದ ಎರಡು ಸಂಖ್ಯೆಗಳನ್ನೂ ಒಂದು ಅಕ್ಷರವನ್ನೂ ಬರೆದು, ಪೆಟ್ಟಿಗೆಯನ್ನು ಕಳಚಿ ಸಿಕ್ಕಿಸಿದರೆ ಸಾಕು. ಯು ಅಕ್ಷರ ಯುಎಎಸ್ ನಿಲ್ಲಿಸುತ್ತದೆ, ಟಿ ಅಕ್ಷರ ಎಟಿಎ ಪಾಸ್-ಥ್ರೂ ತಡೆಯುತ್ತದೆ. ಯುಎಎಸ್ ಡ್ರೈವರ್ ಕೂಡ ಇದೇ ನಿಯತಾಂಕವನ್ನು ಓದುತ್ತದೆ. ಇನ್ನೂ ಉಪಯುಕ್ತವಾದ ಸಂಗತಿ: ಅಲ್ಲಿ ಬರೆದದ್ದು ಆ ಸಾಧನಕ್ಕೆ ಕರ್ನೆಲಿನೊಳಗೆ ಮೊದಲೇ ಇರುವ ಇಂಥ ಗುರುತುಗಳನ್ನು ಅಳಿಸಿ ಅವುಗಳ ಜಾಗದಲ್ಲಿ ಕೂರುತ್ತದೆ. ಅಂದರೆ ಪ್ಯಾಚ್ ಹಾಕಿದ ಕರ್ನೆಲಿನಲ್ಲೇ, ಅಕ್ಷರದ ಜಾಗ ಖಾಲಿ ಬಿಟ್ಟರೆ, ಪ್ಯಾಚಿನ ಪರಿಣಾಮ ಮಾಯವಾಗುತ್ತದೆ. ಒಂದೇ ಕರ್ನೆಲ್, ಒಂದೇ ಬೂಟ್, ಕ್ವರ್ಕ್ ಇದ್ದೂ ಇಲ್ಲದೆಯೂ. ಇದಕ್ಕಿಂತ ಸ್ವಚ್ಛವಾದ ಹೋಲಿಕೆ ಸಿಗುವುದು ಕಷ್ಟ.

ಟಿ ಹಾಕಿದಾಗ ಸ್ಮಾರ್ಟ್ ವಿಚಾರಣೆ ದೋಷ ಸಂದೇಶದೊಂದಿಗೆ ಕೂಡಲೇ ಮರಳಿತು, ಬರಹ ತಡೆಯಿಲ್ಲದೆ ಸಾಗಿತು. ಖಾಲಿ ಬಿಟ್ಟಾಗ ದೋಷ ಮರಳಿ ಬಂತು. ಮತ್ತೆ ಟಿ, ಮತ್ತೆ ಸುಮ್ಮನೆ. ಆ ಬಳಿಕವೇ ಪ್ಯಾಚನ್ನು ಬದಲಿಸಿ ಕಳಿಸುವಂತೆ ಕೇಳಿದ್ದು.

ಆದರೆ ಟಿ ಕೂಡ ಪುಕ್ಕಟೆಯಲ್ಲ. ಬ್ಯಾಕಪ್ ಇಡುವ ಡಿಸ್ಕಿನ ಆರೋಗ್ಯ ಇನ್ನು ಮುಂದೆ ಈ ಪೆಟ್ಟಿಗೆಯ ಮೂಲಕ ಕಾಣುವುದಿಲ್ಲ. ಕೆಟ್ಟ ಸೆಕ್ಟರುಗಳ ಎಣಿಕೆ ಏರುತ್ತಿದ್ದರೂ ಸ್ಮಾರ್ಟ್‌ಡಿಗೆ ಸುಳಿವಿರುವುದಿಲ್ಲ. ನನ್ನ ದೃಷ್ಟಿಯಲ್ಲಿ ಇದು ಸಣ್ಣ ನಷ್ಟವಲ್ಲ, ಮತ್ತು ಪ್ಯಾಚಿನ ವಿವರಣೆಯಲ್ಲಿ ಎದ್ದು ಕಾಣುವಂತೆ ಬರೆಯಬೇಕು ಎಂದು ಹಟ ಹಿಡಿದೆ. ಸ್ಮಾರ್ಟ್ ಮಾಹಿತಿಯೇ ಮುಖ್ಯ ಎನ್ನುವವರು ಯು ಅಕ್ಷರವನ್ನು ತಾವೇ ಹಾಕಿಕೊಂಡು, ವೇಗ ಬಿಟ್ಟುಕೊಟ್ಟು, ವಿಚಾರಣೆಯನ್ನು ಉಳಿಸಿಕೊಳ್ಳಬಹುದು. ಆ ಆಯ್ಕೆ ಅವರ ಕೈಯಲ್ಲಿದೆ ಎನ್ನುವುದು ಅವರಿಗೆ ಗೊತ್ತಾಗಬೇಕು.

ಕೊನೆಯ ತೊಡಕು ಆವೃತ್ತಿಯದು. ಅದೇ ತಯಾರಕ ಸಂಖ್ಯೆ, ಅದೇ ಉತ್ಪನ್ನ ಸಂಖ್ಯೆ ಇರುವ ಇನ್ನೊಂದು ಪೆಟ್ಟಿಗೆ ಸಿಕ್ಕಿತು. ಅದರ ಸಾಧನ ಆವೃತ್ತಿಯ ಸಂಖ್ಯೆ ಮೊದಲಿನದಕ್ಕಿಂತ ದೊಡ್ಡದು, ಮತ್ತು ಅದು ಇಡೀ ಪರೀಕ್ಷೆಯನ್ನು ಕ್ವರ್ಕ್ ಇಲ್ಲದೆಯೇ ದಾಟಿತು. ಫರ್ಮ್‌ವೇರಿನಲ್ಲಿ ಈ ಲೋಪವನ್ನು ಯಾವಾಗಲೋ ಸರಿಪಡಿಸಿದ್ದಾರೆ ಎನ್ನಲು ಇದು ಬಲವಾದ ಸೂಚನೆ. ಪಟ್ಟಿಯ ನಮೂದಿನಲ್ಲಿ ಆವೃತ್ತಿಯ ಕೆಳಗಡಿ, ಮೇಲುಗಡಿ ಎರಡಕ್ಕೂ ಜಾಗವಿದೆ. ಹೆಚ್ಚಿನ ನಮೂದುಗಳಲ್ಲಿ ಅದು ಸೊನ್ನೆಯಿಂದ 9999ರವರೆಗೆ ವಿಶಾಲವಾಗಿ ತೆರೆದಿರುತ್ತದೆ. ಹಾಗೆ ಬರೆದರೆ ಗುಣವಾದ ಪೆಟ್ಟಿಗೆಗಳಿಗೂ ಸ್ಮಾರ್ಟ್ ಮಾಹಿತಿ ತಪ್ಪುತ್ತದೆ. ದೋಷ ಖಚಿತವಾದ ಆವೃತ್ತಿಗೇ ಮೇಲುಗಡಿ ನಿಲ್ಲಿಸಿದರೆ, ನಾವು ನೋಡದ ನಡುವಣ ಆವೃತ್ತಿಗಳಲ್ಲಿ ಲೋಪ ಉಳಿದಿದ್ದರೆ ಅವರ ಬ್ಯಾಕಪ್ ಕೆಡುತ್ತದೆ. ಮಾಹಿತಿ ತಪ್ಪುವುದಕ್ಕಿಂತ ಬರಹ ನಿಲ್ಲುವುದು ಕೆಟ್ಟದ್ದು. ಆದ್ದರಿಂದ ಸರಿಯಿದೆ ಎಂದು ಪರೀಕ್ಷಿಸಿ ಕಂಡ ಆವೃತ್ತಿಗೆ ಒಂದು ಹಿಂದಿನವರೆಗೆ ಗುರುತು ಹಾಕುವುದು, ಆ ಆವೃತ್ತಿಯಿಂದ ಮೇಲಕ್ಕೆ ಬಿಡುವುದು ಎಂದು ಸೂಚಿಸಿದೆ.

ವರದಿಯಲ್ಲಿ ನಾನು ಬರೆದದ್ದು: ಎರಡೂ ಪೆಟ್ಟಿಗೆಗಳ ಸಂಖ್ಯೆಗಳು ಮತ್ತು ಆವೃತ್ತಿಗಳು, ಕಂಟ್ರೋಲರಿನ ವಿವರ, ಸಂಪರ್ಕದ ವೇಗ, ಕರ್ನೆಲಿನ ಮೂಲ, ದೋಷವನ್ನು ಕರೆಸುವ ಆಜ್ಞೆಗಳು ಅಕ್ಷರಶಃ, ಕ್ವರ್ಕ್ ಇದ್ದಾಗಿನ ಮತ್ತು ಇಲ್ಲದಾಗಿನ ಲಾಗು, ಯುಎಸ್‌ಬಿಮಾನ್ ಹಿಡಿದ ತುಣುಕು. ರೀಸೆಟ್‌ನ ನಂತರವೂ ಚೆಕ್‌ಸಮ್ ಹೊಂದಿದವು ಎಂಬುದನ್ನು ಬೇರೆಯಾಗಿ ನಮೂದಿಸಿದೆ. ಡಿಸ್ಕ್ ಬೇರೆ ಹೆಸರಿನಲ್ಲಿ ಮರಳಿದ ಸಂದರ್ಭಕ್ಕೆ ಆ ಭರವಸೆ ಅನ್ವಯಿಸುವುದಿಲ್ಲ ಎಂದೂ. ಯಂತ್ರ ನಿದ್ರಿಸಿ ಎದ್ದಾಗಿನ ನಡವಳಿಕೆ, 480ರ ವೇಗದಲ್ಲಿ ಯುಎಎಸ್ ಹೇಗಿರುತ್ತದೆ ಎಂಬುದು ಪರೀಕ್ಷೆಯ ವ್ಯಾಪ್ತಿಯಲ್ಲಿರಲಿಲ್ಲ, ಅದನ್ನೂ ಬರೆದೆ.

ದೂರು ಕೊಟ್ಟವರು ಹೊಸ ಕರ್ನೆಲಿಗೆ ಕಾಯದೆ ಟಿ ಅಕ್ಷರದ ಸಾಲನ್ನು ಸಂರಚನಾ ಫೈಲಿನಲ್ಲಿ ಸೇರಿಸಿದರು, ಬ್ಯಾಕಪ್‌ಗಳು ಆ ರಾತ್ರಿಯಿಂದಲೇ ಪೂರ್ತಿಯಾಗತೊಡಗಿದವು. ಡಿಸ್ಕಿನ ಆರೋಗ್ಯವನ್ನು ಅವರು ಈಗ ಆಗಾಗ ಅದನ್ನು ಪೆಟ್ಟಿಗೆಯಿಂದ ತೆಗೆದು ನೇರ ಸಾಟಾಗೆ ಜೋಡಿಸಿ ನೋಡುತ್ತಾರೆ. ಪ್ಯಾಚ್ ಸೇರಿದ ಕರ್ನೆಲ್ ಅವರ ಯಂತ್ರಕ್ಕೆ ಬಂದ ಮೇಲೆ ಆ ಸಾಲನ್ನು ಅಳಿಸಬೇಕು ಎಂದು ತಿಳಿಸಿದ್ದೇನೆ. ಅದು ಅಲ್ಲೇ ಉಳಿದರೆ ಕರ್ನೆಲಿನ ನಮೂದಿಗಿಂತ ಅದರ ಮಾತೇ ನಡೆಯುತ್ತದೆ, ನಾಳೆ ಅವರು ಸರಿಪಡಿಸಿದ ಫರ್ಮ್‌ವೇರಿನ ಪೆಟ್ಟಿಗೆ ತಂದರೂ ಸ್ಮಾರ್ಟ್ ಮಾಹಿತಿ ಬರುವುದಿಲ್ಲ.